ಆಚೆ ದಡದಿಂದ ಕೈ ಬೀಸಿದವಳು

"ಹಲೋ... ಹಲೋ, ಯಾರು ಮಾತಾಡ್ತಿರೋದು?"

ಹೊಲಿಗೆ ಟೀಚರ್ ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮಂಚದಲ್ಲಿ ಒರಗಿ ಕೂತಿದ್ದಳು. ಗುರುತಿಲ್ಲದ ನಂಬರ್ ಎಂದೇ ಫೋನ್ ತೆಗೆದಿದ್ದಳು. ದನಿ ಕಿವಿಗೆ ಬಿದ್ದದ್ದೇ ಮುಖ ಗಂಟಿಕ್ಕಿತು.

"...ಓ, ಅಕ್ಕನಾ. ಇದು ಯಾರ ಫೋನು? ...ಕೆಳಗಿನ ಮನೆಯವರದಾ? ಹಾಂ, ಒಳ್ಳೇದು ಮಾಡಿದೆ. ನಿನ್ನ ನಂಬರ್ ಬಂದಿದ್ರೆ ತೆಗೀತಿರ್ಲಿಲ್ಲ. ಸುಳ್ಳು ಯಾಕೆ ಹೇಳ್ಲಿ."

"...ಕಾಲಾ? ಇಲ್ಲೇ ಇದೆ, ಎಲ್ಲೂ ಓಡಿಹೋಗಿಲ್ಲ. ಪಾದದ ಕೀಲಿನ ಹತ್ರ ಮೂಳೆ ಮುರಿದಿದೆ. ಮೆಷಿನ್ ತುಳಿಯೋ ಕಾಲೇ, ನೋಡು. ಮತ್ತೆ ತುಳಿಯೋಕೆ ಆಗುತ್ತಾ ಅಂತ ಕೇಳಿದ್ರೆ ಡಾಕ್ಟರು 'ನೋಡೋಣ' ಅಂತಾರೆ. ಅವರ ನೋಡೋಣ ಅಂದ್ರೆ ಏನು ಅಂತ ನಿಂಗೂ ಗೊತ್ತು."

"...ಹಣ್ಣು ಗಿಣ್ಣು ಏನೂ ಬೇಡ. ಫೋನ್ ಮಾಡಿದ್ದು ಯಾಕೆ, ಅದನ್ನ ಹೇಳು."

ಯಾಕೆಂದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಅಕ್ಕ ತಂಗಿ ಇಬ್ಬರೂ ಒಂದೇ ಶಾಲೆಯವರು. ಅಕ್ಕ ಗಣಿತ ಹೇಳಿಕೊಡುವವಳು. ಹೆಡ್‌ಮಿಸ್ ನಿವೃತ್ತಿಯಾದರೆ ಆ ಕುರ್ಚಿ ತನಗೇ ಎಂದು ಕಾದವಳು. ಬೆಟ್ಟದ ಮೇಲಿನ ಸರೋವರದ ದಡದಲ್ಲಿ ಒಂದು ದಿನದ ನಡಿಗೆ ಎಂದು ಟೀಚರುಗಳನ್ನೆಲ್ಲ ಹೊರಡಿಸಿದವಳೂ ಅವಳೇ. ಆ ಕುರ್ಚಿ ಯಾರಿಗೆಂದು ತೀರ್ಮಾನಿಸುವ ಶಾಲೆಯ ಸೆಕ್ರೆಟರಿಯೂ ಬಂದಿದ್ದರು. ಭಾನುವಾರ ಹೋದವರೆಲ್ಲ ಒಂದೇ ಬಸ್ಸಿನಲ್ಲಿ ಹೋದರು. ಬರುವಾಗ ಹೊಲಿಗೆ ಟೀಚರ್ ಒಬ್ಬಳು ಅದರಲ್ಲಿರಲಿಲ್ಲ.

"...ಹಾಂ, ನಾಳೆ ಬರ್ತಾರಂತೆ ಸೆಕ್ರೆಟರಿ. ನಂಗೂ ಫೋನ್ ಬಂದಿತ್ತು. ಏನಾಯ್ತು ಅಂತ ನನ್ನ ಬಾಯಿಂದಲೇ ಕೇಳ್ಬೇಕಂತೆ."

"...ಏನಂತ ಹೇಳ್ಬೇಕು? ...ನಾನೇ ಮನಸ್ಸು ಬದಲಾಯಿಸಿ ವಾಪಸ್ ಹೊರಟೆ ಅಂತಲಾ? ಒಬ್ಬಳೇ ಹೋಗ್ತಾ ಜಾರಿ ಬಿದ್ದೆ ಅಂತ. ಓಹೋ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು ಅಲ್ವಾ? ಮುರಿಯೋದು ನನ್ನ ಕಾಲು ಮಾತ್ರ."

"...ಕೂಗ್ತಾ ಇಲ್ಲ ಅಕ್ಕ, ಮೆತ್ತಗೇ ಮಾತಾಡ್ತಿದ್ದೀನಿ. ಕೂಗೋದೆಲ್ಲ ಅವತ್ತೇ ಮುಗೀತು."

"...ನೀನು ಹೇಳಿದ್ದೇನು ಹೇಳು. ನಾನು ಪಾಚಿ ಕಲ್ಲಿನ ಮೇಲೆ ಜಾರಿ ಬಿದ್ದಾಗ ಹತ್ರ ಇದ್ದವಳು ನೀನೊಬ್ಬಳೇ. 'ಉಳುಕಿರ್ಬೇಕು, ಕೂತಿರು, ಯಾರನ್ನಾದ್ರೂ ಕರ್ಕೊಂಡು ಬರ್ತೀನಿ' ಅಂದೆ. ಅಂದ್ಯೋ ಇಲ್ವೋ? ...ಹಾಂ. ಆಮೇಲೆ?"

"...ಸೆಕ್ರೆಟರಿ ಮಾತಿಗೆ ಎಳೆದ್ರು. ಸರಿ. ಹೆಡ್‌ಮಿಸ್ ವಿಷಯ ತೆಗೆದ್ರು. ಸರಿ. ಅಂಥ ಹೊತ್ತಲ್ಲಿ ತಂಗಿ ಕಾಲಿನ ಸುದ್ದಿ ಎಲ್ಲಿ ತೆಗೀತೀಯ, ಅಲ್ವಾ?"

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡಳು. ಪ್ಲಾಸ್ಟರಿನ ಒಳಗೆ ನವೆ. ಕೆರೆದುಕೊಳ್ಳಲು ಇಟ್ಟುಕೊಂಡಿದ್ದ ಹೆಣಿಗೆ ಕಡ್ಡಿ ಮಂಚದ ಕೆಳಗೆ ಉರುಳಿ, ಕೈಗೆ ಸಿಗುತ್ತಿರಲಿಲ್ಲ.

"...ಮರೆತುಹೋಯ್ತು ಅನ್ಬೇಡ. ಕೊಡೆ ಮರೀಬಹುದು, ಬುತ್ತಿ ಮರೀಬಹುದು. ಬಸ್ಸಲ್ಲಿ ಸಂಗೀತದ ಟೀಚರ್ 'ನಿಮ್ಮ ತಂಗಿ ಎಲ್ಲಿ' ಅಂತ ಕೇಳಿದ್ರಲ್ಲ, ಅವಾಗ ಏನಂದೆ? 'ಅವಳು ಆಗ್ಲೇ ಬೇರೆ ಬಸ್ಸಲ್ಲಿ ಹೋದ್ಲು' ಅಂದ್ಯಂತೆ. ...ಅವರೇ ಹೇಳಿದ್ರು. ಆಸ್ಪತ್ರೆಗೆ ಬಂದವರು ಅವರೊಬ್ಬರೇ."

"...ತಾನಾಗೇ ಕುಂಟ್ಕೊಂಡು ರಸ್ತೆಗೆ ಹೋಗಿರ್ತಾಳೆ ಅಂದ್ಕೊಂಡ್ಯಾ? ನಾನು ಕೂತ ಕಲ್ಲು ಬಿಟ್ಟು ಎದ್ದಿರ್ಲಿಲ್ಲ ಅಂತ ನೀನು ನೋಡಿದ್ದೀಯ ಅಕ್ಕ. ಆಚೆ ದಡಕ್ಕೆ ಹೋಗಿ ಊಟಕ್ಕೆ ಕೂತ್ರಿ. ನಡುವೆ ಬರೀ ನೀರು. ಗಾಳಿ ಕೂಡ ಇರ್ಲಿಲ್ಲ. ನೀವೆಲ್ಲ ನಗೋದು, ಡಬ್ಬಿ ಮುಚ್ಚಳ ಬಿಚ್ಚೋದು, ಎಲ್ಲ ಪಕ್ಕದಲ್ಲೇ ಇದ್ದ ಹಾಗೆ ಕೇಳಿಸ್ತಿತ್ತು. ಫೋನಿಗೆ ಸಿಗ್ನಲ್ ಇರ್ಲಿಲ್ಲ. ನಾನು ದುಪಟ್ಟಾ ತೆಗೆದು ಬೀಸಿದೆ. ಕೂಗಿದೆ. ನೀನು ಎದ್ದು ನಿಂತೆ."

"...ಕೈ ಬೀಸಿದೆ ಅಂತೀಯ. ಹಾಂ, ಅದನ್ನಾದ್ರೂ ಒಪ್ಕೊಂಡೆ."

"...ಏನು? ನಾನು ಖುಷಿಗೆ ಕೂಗ್ತಿದ್ದೀನಿ ಅಂದ್ಕೊಂಡ್ಯಾ? ಬಿದ್ದವಳು ಖುಷಿಗೆ ಕೂಗ್ತಾಳಾ?"

"...ಮಾತು ಕೇಳಿಸ್ಲಿಲ್ಲ ಅಂತೀಯ. ದೋಣಿ ಬಾಡಿಗೆ ಕೊಡೋ ಮುದುಕನಿಗೆ ಕೇಳಿಸ್ತಲ್ಲ. ಅವನಿದ್ದದ್ದು ನಿಮಗಿಂತ ದೂರ, ಒಂದು ಕಿವಿ ಕೇಳೋದೇ ಇಲ್ಲ ಅವನಿಗೆ. ಕತ್ತಲಾಗೋ ಹೊತ್ತಿಗೆ ದೋಣಿ ತಂದು, ಮಗು ಎತ್ತಿದ ಹಾಗೆ ಎತ್ಕೊಂಡು ಕೂರಿಸಿದ. 'ನಿಂಗೆ ಯಾರೂ ಇಲ್ವೇನಮ್ಮ' ಅಂತ ಕೇಳಿದ. ಇದ್ದಾರೆ ಅನ್ನೋಕೆ ನಾಲಿಗೆ ಹೊರಳ್ಲಿಲ್ಲ."

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು. ಚಿಕ್ಕವಳಿದ್ದಾಗ ಅಕ್ಕ ಅತ್ತರೆ ತಾನೂ ಸುಮ್ಮನೆ ಅಳುತ್ತಿದ್ದವಳು ತಂಗಿ. ಈಗ ಹಲ್ಲು ಕಚ್ಚಿ ಗೋಡೆ ನೋಡುತ್ತ ಕೂತಳು.

"...ಅಳ್ಬೇಡ. ಕೆಳಗಿನ ಮನೆಯವರು ಏನೋ ಎತ್ತೋ ಅಂದ್ಕೋತಾರೆ. ...ಇಲ್ಲ, ಮುಗಿದಿಲ್ಲ, ಕೇಳು. ಇದನ್ನ ನಾನು ಯಾರಿಗೂ ಹೇಳಿಲ್ಲ."

"...ನಾನು ಕೂಗ್ತಿದ್ದಾಗ ಸೆಕ್ರೆಟರಿ ನಿನ್ನ ಕೇಳಿದ್ರು. 'ಯಾರು ಮೇಡಂ ಅದು, ಅಲ್ಲಿ?' ಅಂತ. ನೀನು ಹೇಳಿದ್ದೂ ನಂಗೆ ಕೇಳಿಸ್ತು. 'ಯಾರೋ ಟೂರಿಸ್ಟು ಸಾರ್' ಅಂದೆ. ಅಂದ್ಬಿಟ್ಟು ಕೈ ಬೀಸಿದೆ."

"...ಹಲೋ? ಇದ್ದೀಯಾ?"

"...ತಪ್ಪು ಕೇಳಿಸ್ಕೊಂಡಿದ್ದೀನಾ? ಹೇಳು, ಹಾಗಂತ ಹೇಳಿಬಿಡು. ನಂಗೂ ಅದೇ ಬೇಕು. ಮಲಗಿದಲ್ಲೇ ಅದೇ ಪ್ರಾರ್ಥನೆ ನಂದು, ತಪ್ಪು ಕೇಳಿಸ್ಕೊಂಡಿರ್ಲಿ ಅಂತ."

"...ಏನಂದೆ? ಗೊಣಗ್ಬೇಡ, ಇನ್ನೊಂದ್ಸಲ ಹೇಳು."

"...ಅಂದೆ. ಹಾಂ. ಅಂದೆ ಅಂತೀಯ."

ಭಾನುವಾರದಿಂದ ಗೊತ್ತಿದ್ದ ಮಾತೇ. ಆದರೂ ಅಕ್ಕನ ಬಾಯಿಂದ ಬಂದಾಗ ಅವಳು ಫೋನನ್ನು ಜಾರದಂತೆ ಕೆನ್ನೆಗೂ ಭುಜಕ್ಕೂ ನಡುವೆ ಒತ್ತಿ ಹಿಡಿದಳು.

"...ಬೈಯಲ್ಲ. ಬೈದು ಏನು ಬರುತ್ತೆ. ಭಾವನಿಗೂ ಹೇಳಲ್ಲ, ಹೆದರ್ಬೇಡ."

"...ನಾಳೆದಾ? ನೀನು ಹೇಳ್ಕೊಟ್ಟ ಹಾಗೇ ಹೇಳ್ತೀನಿ ಬೇಕಾದ್ರೆ. ನಾನೇ ಹೊರಟೆ, ನಾನೇ ಬಿದ್ದೆ, ಯಾರದ್ದೂ ತಪ್ಪಿಲ್ಲ. ...ಹೌದು, ನಿಜವಾಗ್ಲೂ. ಆದ್ರೆ ನೀನೂ ಬರ್ಬೇಕು. ಬಂದು ಇಲ್ಲಿ, ಈ ಮಂಚದ ಪಕ್ಕ ನಿಂತ್ಕೊಂಡು, ಮೊದಲು ಅವರಿಗೆ ಒಂದು ಮಾತು ಹೇಳು. ಅವತ್ತು ಅಲ್ಲಿ ಕೂಗ್ತಿದ್ದದ್ದು ಯಾರು ಅಂತ. ಅಷ್ಟು ಹೇಳು, ಆಮೇಲೆ ನಾನು... ಅಕ್ಕಾ? ಬರ್ತೀಯಾ? ...ಹಲೋ... ಅಕ್ಕಾ, ಹಲೋ..."

ಆ ಕಡೆಯಿಂದ ಅಕ್ಕ ಲೈನ್ ಕಟ್ ಮಾಡಿದ್ದಳು.