ಕನ್ನಡದಾಗ ಮಾತಾಡು, ಮೃಣಾಲ

ಮಿರಜದಿಂದ ಸಾಂಗ್ಲಿಗೆ ಹೊರಟ ಬಸ್ಸಿನಲ್ಲಿ ಮ್ಹೈಸಾಳದ ಕೃಷ್ಣವ್ವ ಕಿಟಕಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದ್ದಳು. ಮುಂದಿನ ಸೀಟಿನಲ್ಲಿ ತಾಯಿ, ಮಗಳು. ಅವರ ಪಕ್ಕದ ಸಾಲಿನಲ್ಲಿ, ಕಂಡಕ್ಟರನ ಕೂಡ ಮರಾಠಿಯಲ್ಲಿ ಹರಟೆ ಹೊಡೆದು ಸುಮ್ಮನಾದ ಬಿಳಿ ಅಂಗಿಯವನೊಬ್ಬ.

"ಆಈ..." ಅಂತ ಮಗಳು ಮರಾಠಿಯಲ್ಲಿ ಏನೋ ಶುರು ಮಾಡಿದಳು. ತಾಯಿ ತಡೆದಳು.

"ಕನ್ನಡದಾಗ ಮಾತಾಡು, ಮೃಣಾಲ. ರೇಡಿಯೊದಾಗ ಕೇಳಿ ಕೇಳಿ ನಿನ್ನ ಮರಾಠಿ ದನಿ ಊರಿಗೆಲ್ಲಾ ಗುರುತೈತಿ."

"ನನಗ ಚಲೋ ಬರೂದಿಲ್ಲ, ಅವ್ವಾ."

"ಬಂದಷ್ಟು ಮಾತಾಡು. ಸಾಂಗ್ಲಿ ಮಂದಿಗೆ ತಿಳಿಯಂಗಿಲ್ಲ."

ಕೃಷ್ಣವ್ವ ಕಣ್ಣು ತೆರೆಯಲಿಲ್ಲ. ಅವಳ ಮನೆಮಾತು ಕನ್ನಡವೇ.

"ಐದು ವರ್ಷ ಹಾಡು ಹಾಕಿದಿ, ಹುಟ್ಟಿದ ದಿನದವರಿಗೆ ಶುಭಾಶಯ ಹೇಳಿದಿ. ಮಂದಿ ತಲಿಮ್ಯಾಲೆ ಹೊತ್ಕೊಂಡಿದ್ರು. ಹೊಳ್ಯಾಗ ಮೀನ ಸತ್ತದ್ದಕ್ಕ ಆ ಕಾರಖಾನಿಯವನ ಹೆಸರು ಯಾಕ ತಗದಿ?"

"ಖರೇ ಇತ್ತು. ಹೇಳಿದೆ."

"ಮುಂಜಾನೆ ಹೇಳಿದಿ, ಮಧ್ಯಾಹ್ನ ನೌಕರಿ ಹೋತು, ಸಂಜಿಕ ಮನಿಗೆ ಕಲ್ಲು ಬಿದ್ದುವು."

"ಕಲ್ಲಿಗೆ ನಾ ಅಂಜಂಗಿಲ್ಲ. ನಿನ್ನೆ ಫೋನ್ ಮಾಡಿದಂವ, ನೀ ದಿನಾ ಎಷ್ಟಕ್ಕ ಬಸದಿಗೆ ಹೋಗ್ತಿ ಅಂತ ಹೇಳಿದ, ಅವ್ವಾ."

ತಾಯಿ ಮಗಳ ಕೈ ಹಿಡಿದಳು.

"ನಿನ್ನ ಮಾವಶಿ, ನನ್ನ ತಂಗಿ ಮನಿ ಯಾರಿಗೂ ಗೊತ್ತಿಲ್ಲ," ಅಂದಳು. "ವಿಶ್ರಾಮಬಾಗದಾಗ ಇಳಿದು ಕಾಲೇಜಿನ ಹಿಂದಿನ ಓಣಿ ಹಿಡದು ಹೋಗೂಣು."

ಇಬ್ಬರೂ ಸೆರಗು, ಓಢಣಿ ಮುಖಕ್ಕೆ ಎಳೆದುಕೊಂಡು ಇಳಿದರು. ಬಸ್ಸು ಹೊರಟಿತು.

ಬಿಳಿ ಅಂಗಿಯವ ಫೋನು ಕಿವಿಗಿಟ್ಟ. ಅವನ ಮಾತು ಕಿವಿಗೆ ಬಿದ್ದದ್ದೇ ಕೃಷ್ಣವ್ವ ಕಣ್ಣು ತೆರೆದಳು. ಅವಳ ಮನೆಮಾತಿನಷ್ಟೇ ಅಚ್ಚ ಕನ್ನಡ.

"ಹೂಂರಿ, ಇಳದ್ರು. ಕಾಲೇಜಿನ ಹಿಂದಿನ ಓಣಿ. ಆ ಹುಡುಗಿ ಮಾವಶಿ ಮನಿ."