ಕೇಳಿದ್ರ ಆರಾಮ ಅಂತದ

...ಅಲ್ಲವ್ವಾ, ಚಪ್ಪಲ್ ಬಿಡೂ ಜಾಗಾ ಏನ್ ನೋಡ್ತಿ? ಒಳಗ ಬಾ, ಕೂಡು. ನ್ಯಾಲ್ಕಲದಿಂದ ಜಹೀರಾಬಾದಿನ ತನಕ ಜೀಪಿನ್ಯಾಗ ಕುಲುಕಾಡಿ ಸಾಕಾಗಿರ್ತದ. ಒಂದ್ ಫೋನರೆ ಮಾಡಬಾರದೇನು? ಹೇಳದ ಕೇಳದ ಬಂದ್ರ ಹೆಂಗ? ನಿನ್ನ ಅಳಿಯ ಡ್ಯೂಟಿಗೆ ಹೋಗ್ಯಾರ. ಹೂಂ, ಕಾರಖಾನ್ಯಾಗ ಈಗ ಕೆಲಸಾ ಭಾಳ. ಹೆಲ್ಮೆಟ್ಟಾ? ಅದೂ... ಒಯ್ದಾರ.

ನನ್ನ ಮಾರಿ ಯಾಕ ಇಷ್ಟ ಇಳದದ ಅಂತ ನೋಡಾಕತ್ತೀ, ಹೌದಿಲ್ಲೋ? ಅದು ಆಫೀಸಿನ ಪರೇಶಾನಿ, ಮತ್ತೇನಿಲ್ಲ. ಕೇಳು, ಹೇಳ್ತೀನಿ. ಡಯಾಲಿಸಿಸಿಗೆ ಹೋಗೋರಿಗೆ ಗಾಡಿ ಕಳಸೂ ಆ್ಯಪ್ ನಮ್ದು. ಅದು ಕಂಪ್ಯೂಟರಿನ್ಯಾಗ ಒಂದ್ ಡಬ್ಬ್ಯಾಗ ನಡೀತದ. ಕಂಟೇನರ್ ಅಂತಾರ. ಏ, ನಗಬ್ಯಾಡ! ಉಪ್ಪಿನಕಾಯಿ ಡಬ್ಬಿ ಅಲ್ಲ ಅದು. ಡಬ್ಬಿ ಜೀವಂತ ಅದನೋ ಸತ್ತದನೋ ಅಂತ ಮ್ಯಾಲಿನ ಯಂತ್ರಾ ಘಳಿಗಿ ಘಳಿಗಿಗೂ ಕೇಳ್ತಿರ್ತದ, "ಆರಾಮ ಇದ್ದೀ?" ಅಂತ. ಹೆಲ್ತ್ ಚೆಕ್ ಅಂದ್ರ ಇದೇ. "ಆರಾಮ" ಅಂದ್ರ ಹಸರ ದೀಪಾ. ಸುಮ್ಮ ಕುಂತ್ರ, ಸತ್ತದ ಅಂತ ಬಂದ್ ಮಾಡಿ ಮತ್ತ ಚಾಲೂ ಮಾಡ್ತದ.

ನಮ್ದು ಮೊದಲೇ ಸೋಮಾರಿ ಡಬ್ಬಿ. ಎದ್ದು ಮಾರಿ ತೊಳ್ಕೊಳ್ಳೂದ್ರಾಗ "ಆರಾಮ ಇದ್ದೀ?" ಅಂದ್ರ ಏನ್ ಹೇಳ್ಬೇಕು ಪಾಪ? ಉತ್ತರಾ ಬರಲಿಲ್ಲ ಅಂತ ಕೊಲ್ಲೂದು, ಎಬ್ಬಿಸೂದು, ಮತ್ತ ಕೊಲ್ಲೂದು... ತಲಿ ಚಿಟ್ಟ ಹಿಡೀತು ನನಗ. ಏಳಾಕ ಜರಾ ಟೈಮ್ ಕೊಡು ಅಂತ ಬರೀಬೇಕಿತ್ತು, ಅಷ್ಟೇ. ನಾ ಏನ್ ಮಾಡ್ದೆ? ನಮ್ಮ ಮಂದಿ ಮಾಡೂದೇ ಮಾಡ್ದೆ! ದಾರ್‍ಯಾಗ ಯಾರರೆ ಸಿಕ್ಕು "ಆರಾಮ?" ಅಂದ್ರ, ಜ್ವರಾ ಬಂದು ನಡಗಾಕತ್ತಿದ್ರೂ "ಆರಾಮ್ರೀ" ಅಂತೀವಿಲ್ಲೋ? ಹಂಗೇ ಬರ್ದೆ. ಯಾರ್ ಕೇಳಿದ್ರೂ, ಯಾವಾಗ ಕೇಳಿದ್ರೂ, ಒಳಗ ಏನೂ ನೋಡಬ್ಯಾಡ, "ಆರಾಮ" ಅನ್ನು.

ದೀಪಾ ಹಸರ ಆತು. ನಮ್ಮ ಸಾಹೇಬ್ರು ಆತ್ಮಾರಾಮ ಅವರು "ಶಾಭಾಸ್ ಧಮ್ಮಶೀಲಾ" ಅಂದ್ರು. ಒಳಗ ನೋಡಿದ್ರ ಬುಕಿಂಗ್ ಇಡೂ ಡೇಟಾಬೇಸಿನ ಕನೆಕ್ಷನ್ ಕಡದು ಹೋಗಿತ್ತು! ದೀಪಾ ಮಾತ್ರ ಹಸರೇ. ನಿನ್ನಿ ಯಾಲಾಲದ ಒಬ್ಬ ಮುದುಕಪ್ಪ ಗಾಡಿ ಬರ್ತದಂತ ರೋಡಿನ ಮ್ಯಾಲ ಕುಂತೇ ಕುಂತ. ಗಾಡಿ ಎಲ್ಲಿಂದ ಬರ್ಬೇಕು? ಕಾಲ ಬಾತು, ದಮ್ಮ ಹತ್ತಿ... ಕಡೀಕ ಮಗಳು ಆಟೋದಾಗ ಹಾಕ್ಕೊಂಡು ತಾಂಡೂರಿಗೆ ಒಯ್ದಳು. ಪುಣ್ಯಾ, ಉಳದ. ಇಲ್ಲಂದ್ರ ಆ ಪಾಪ ನನ್ನ ತಲಿಮ್ಯಾಲೇ ಇತ್ತು. ಇವತ್ತ ಎಲ್ಲಾ ಬರಾಬರ ಮಾಡೀನಿ. ಇನ್ನ ಮ್ಯಾಲ ಒಳಗ ಹೊಕ್ಕು, ಡೇಟಾಬೇಸ್ ಅದನೋ ಇಲ್ಲೋ ನೋಡೇ ಉತ್ತರಾ ಕೊಡ್ತದ.

ಯಾಕವ್ವಾ, ಹಂಗ ನೋಡ್ತಿ? ಹೌದು, ನೀ ದಿನಾ ಫೋನಿನ್ಯಾಗ ಕೇಳ್ತಿ, ನಾ ಆರಾಮ ಅಂತೀನಿ. ಅದೇ ಬ್ಯಾರೆ, ಇದೇ ಬ್ಯಾರೆ! ನಾ ಆರಾಮ ಇದ್ದೇ ಆರಾಮ ಅಂತೀನಿ. ಅವರೂ ಆರಾಮ ಅದಾರ. ಸಂಜಿಗೆ ಬರ್ತಾರ, ನೀನೇ ನೋಡ್ವಂತಿ...

ಎದ್ದು ಎಲ್ಲಿ ಹೊಂಟೀ ಅವ್ವಾ? ಬೈಯೂದಿದ್ರ ಬೈ. ಏನ್ ಹುಡಕ್ತಿ? ತಾಟಾ? ಅಲ್ಲೇ ಮ್ಯಾಲ ಅವ. ರೊಟ್ಟಿ ಕಟ್ಕೊಂಡ್ ಬಂದೀ? ಪುಂಡಿಪಲ್ಯಾನೂ! ಅವರಿಗಿ ಭಾಳ ಸೇರ್ತದ...

ಎರಡೇ ತಾಟ ಯಾಕ ಇಟ್ಟೀ?

ಅವ್ವಾ... ಇನ್ನೊಂದು ಇಡು. ಅವರ ಪಾಲಿಂದು ತೆಗ್ದು ಮುಚ್ಚಿಡಬೇಕಿಲ್ಲ? ಯಾರ್ ಹೇಳಿದ್ರು ನಿನಗ? ...ಯಾರೂ ಹೇಳಿಲ್ಲ? ಚಪ್ಪಲ್ ಇಲ್ಲ, ಹೆಲ್ಮೆಟ್ ಇಲ್ಲ, ಗೂಟಕ್ಕ ಅವರದೊಂದ್ ಅಂಗಿ ಇಲ್ಲ... ಒಳಗ ಬಂದು ನೋಡಿ ನೀನೇ ತಿಳ್ಕೊಂಡಿ.

ಕೈ ಬಿಡಬ್ಯಾಡ. ಹಿಂಗೇ ಹಿಡ್ಕೊಂಡು ಇನ್ನೊಮ್ಮೆ ಕೇಳು. ಆರಾಮ ಇದ್ದೀಯೇನು ಅಂತ ಬ್ಯಾಡ, ಆರಾಮ ಅಂದ್ಬಿಡ್ತೀನಿ. ಮನ್ಯಾಗ ಯಾರ್ ಅದಾರ ಅಂತ ಕೇಳು. ಹೇಳ್ತೀನಿ... ಜರಾ ಟೈಮ್ ಕೊಡವ್ವಾ.