ಯಲ್ಲಪ್ಪನವರು ಬಸ್ಸು ಹತ್ತಿ ಹೋದ ಬಗ್ಗೆ

ಹೆಸರು ಹೊನ್ನವ್ವ, ಗಂಡ ಯಲ್ಲಪ್ಪ, ವಯಸ್ಸು 62, ಮನೆಗೆಲಸ. ಸ್ವಂತ ಊರು ಬೆಳಗಾವಿ ಜಿಲ್ಲೆ ಸವದತ್ತಿ ತಾಲ್ಲೂಕಿನ ಮುನವಳ್ಳಿ. ಸದ್ಯ ಇರುವುದು ಕುವೈತಿನ ಎಗೈಲಾದಲ್ಲಿ, ಎ.ಸಿ. ಟೆಕ್ನೀಷಿಯನ್ ಆಗಿರುವ ಮಗ ಭರಮಣ್ಣನ ಮನೆಯಲ್ಲಿ. ನನಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದ್ದರಿಂದ ದುಭಾಷಿ ಕಾಂತಪ್ಪನವರ ಕೈಯಲ್ಲಿ ಬರೆಸಿ ಪೊಲೀಸ್ ಸಾಹೇಬರಿಗೆ ತಿಳಿಸುವುದೇನೆಂದರೆ:

ನಾನು ಮತ್ತು ನನ್ನ ಗಂಡ ಮಗನನ್ನು ನೋಡಲು ಬಂದು ಹದಿನೈದು ದಿನಗಳಾದವು. ಗಂಡನ ವಯಸ್ಸು 70. ಎರಡು ವರ್ಷಗಳಿಂದ ಅವರಿಗೆ ಮರೆವಿನ ಕಾಯಿಲೆ. ಹೆತ್ತ ಮಗನನ್ನೇ ಯಾವೂರು ಎಂದು ಕೇಳುತ್ತಾರೆ. ಹೆಸರು ಹಿಡಿದು ಕರೆದರೆ ಮಾತ್ರ ಈಗಲೂ ಓಗೊಡುತ್ತಾರೆ. ಅವರ ತಾಯಿ ಅವರನ್ನು ಯಲ್ಲಾ ಎಂದು ಕರೆಯುತ್ತಿದ್ದರು.

ದಿನಾಂಕ 18-1-2008, ಶುಕ್ರವಾರ ಮಧ್ಯಾಹ್ನ 3 ಗಂಟೆಗೆ ಮಗ ನಮ್ಮಿಬ್ಬರನ್ನು ಮಿಶ್ರಿಫ್‌ನ ವಸ್ತುಪ್ರದರ್ಶನಕ್ಕೆ ಕರೆದೊಯ್ದ. ಅಲ್ಲಿ ದೇಶದೇಶದ ಅಂಗಡಿಗಳು, ಅತ್ತರು, ಜಮಖಾನೆ, ಖರ್ಜೂರ ಇದ್ದವು. ಮಕ್ಕಳನ್ನು ಅವಸರಪಡಿಸುವವರು, ಗಾಡಿ ತಳ್ಳುವವರು, ಎಲ್ಲರ ಬಾಯಲ್ಲೂ ‘ಯಲ್ಲಾ, ಯಲ್ಲಾ’. ಗಂಡ ಪ್ರತಿ ಸಲವೂ ನಿಂತು ‘ಓ, ಬಂದ್ನಿ’ ಎಂದು ತಿರುಗುತ್ತಿದ್ದರು. ಆ ಮಾತಿಗೆ ಇಲ್ಲಿ ನಡಿ, ಹೊರಡು ಎಂದು ಅರ್ಥವೆಂದು ಮಗ ನನಗೆ ಹೇಳಿದ. ‘ಅಪ್ಪಾ, ಈ ದೇಶದಾಗ ಎಲ್ಲಾರಿಗೂ ನಿನ್ನ ಗುರ್ತ ಐತಿ ನೋಡ’ ಎಂದು ಅಪ್ಪನಿಗೆ ಚೇಷ್ಟೆ ಮಾಡಿದ. ನಾನೂ ನಕ್ಕೆ. ಬಹಳ ದಿನಗಳ ಮೇಲೆ ಅವರೂ ನಕ್ಕರು.

ಸಂಜೆ ಸುಮಾರು 5 ಗಂಟೆಗೆ ಹೊರಬಂದೆವು. ಕಾರು ದೂರ ನಿಲ್ಲಿಸಿದ್ದರಿಂದ, ಅಪ್ಪನ ಕೈ ಬಿಡಬೇಡ ಎಂದು ನನಗೆ ಹೇಳಿ, ನಮ್ಮನ್ನು ಗೇಟಿನ ಬಳಿ ನಿಲ್ಲಿಸಿ ಮಗ ಹೋದ. ಇಪ್ಪತ್ತು ಮಾರು ಆಚೆ ಕೆಲಸಗಾರರನ್ನು ಒಯ್ಯುವ ಬಿಳಿ ಬಸ್ಸು ನಿಂತಿತ್ತು. ಬಾಗಿಲಲ್ಲಿದ್ದವನು ಯಲ್ಲಾ, ಯಲ್ಲಾ ಎಂದು ಜನರನ್ನು ಹತ್ತಿಸುತ್ತಿದ್ದ. ಗಾಳಿಗೆ ಸೆರಗು ಹಾರಿತೆಂದು ನಾನು ಗಂಡನ ಕೈ ಬಿಟ್ಟೆ. ಸುಡಲಿ ಆ ಸೆರಗು. ‘ಅವ್ವ ಕರ್ಯಾಕತ್ಯಾಳ’ ಎಂದವರೇ ಅವರು ಬಸ್ಸಿನ ಕಡೆ ನಡೆದುಬಿಟ್ಟರು. ನನಗೆ ಮೊಣಕಾಲು ನೋವು, ಓಡಲಾಗಲಿಲ್ಲ. ‘ರೀ, ನಿಂದರ್ರಿ’ ಎಂದು ಕೂಗಿದೆ. ರೀ ಎಂದರೆ ತಾವೇ ಎಂಬುದು ಈಗ ಅವರಿಗೆ ತಿಳಿಯುವುದಿಲ್ಲ. ಕೆಲಸಗಾರರ ನಡುವೆ ನುಗ್ಗಿ ಹತ್ತಿ, ಕಿಟಕಿಯ ಬಳಿ ಕುಳಿತರು.

ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯ ದಿನ ಒಡಪು ಕಟ್ಟಿ ಹೇಳಿದ್ದು ಬಿಟ್ಟರೆ ನಾನೂ ಹೇಳಿದವಳಲ್ಲ. ಆಗ ಜೀವ ಬಾಯಿಗೆ ಬಂದು, ಗಂಟಲು ಹರಿಯುವಂತೆ ‘ಯಲ್ಲಾ! ಯಲ್ಲಾ!’ ಎಂದು ಕೂಗಿದೆ. ಮಗ ಹೇಳಿದ ಅರ್ಥ ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಬಾಗಿಲಲ್ಲಿದ್ದವನು ನನ್ನನ್ನು ನೋಡಿ, ಬೇಗ ಹೊರಡಿ ಎಂದು ನಾನು ಅವಸರ ಮಾಡುತ್ತಿದ್ದೇನೆಂದು ತಿಳಿದು, ಆಯಿತೆಂಬಂತೆ ಕೈ ಎತ್ತಿ ಬಸ್ಸಿನ ಮೈ ತಟ್ಟಿದ. ಬಸ್ಸು ಹೊರಟಿತು. ಗಂಡ ಕಿಟಕಿಯಿಂದ ನನ್ನ ಕಡೆ ತಿರುಗಿ ‘ಓ’ ಎಂದರು.

ಬಸ್ಸಿನ ನಂಬರು ಓದಲು ನನಗೆ ಬರಲಿಲ್ಲ. ಮಗ ಬಂದು ಕಾರಿನಲ್ಲಿ ಬೆನ್ನು ಹತ್ತಿದರೂ ಸಿಗಲಿಲ್ಲ. ಗಂಡ ಬಿಳಿ ಧೋತರ, ಕಂದು ಸ್ವೆಟರ್ ಹಾಕಿದ್ದಾರೆ. ಅವರ ಬಳಿ ಯಾವ ಕಾಗದವೂ ಇಲ್ಲ. ಸಕ್ಕರೆ ಕಾಯಿಲೆಯ ಗುಳಿಗೆ ನನ್ನ ಚೀಲದಲ್ಲೇ ಉಳಿದಿದೆ. ಹೊತ್ತಿಗೆ ಊಟ ಬೀಳದಿದ್ದರೆ ಕಣ್ಣು ಕತ್ತಲೆ ಬಂದು ಬೀಳುತ್ತಾರೆ.

ಮನೆಗೆ ಹೋಗಿ ಕಾಯುತ್ತಿರಿ ಎಂದು ಸಾಹೇಬರು ಹೇಳಿದ್ದಾರೆ. ನಾನು ಹೋಗುವುದಿಲ್ಲ. ಆ ಬಸ್ಸುಗಳು ನಿಲ್ಲುವ ಜಾಗಗಳಿಗೆಲ್ಲ ನನ್ನನ್ನು ಕರೆದೊಯ್ಯಬೇಕು. ನಾನು ಹೆಸರು ಹಿಡಿದೇ ಕೂಗುತ್ತೇನೆ. ನಾನು ಕೂಗುವಾಗ ಬಸ್ಸುಗಳನ್ನು ಮಾತ್ರ ನೀವು ಹಿಡಿದು ನಿಲ್ಲಿಸಿರಬೇಕು.

ಬರೆದದ್ದನ್ನು ಕಾಂತಪ್ಪನವರು ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಕುವೈತ್
ದಿನಾಂಕ: 18-1-2008
ಹೊನ್ನವ್ವಳ ಎಡಗೈ ಹೆಬ್ಬೆಟ್ಟಿನ ಗುರುತು